ನೆತ್ತಿಯ ಗಂಟು

ಬಲೋಟೆಯ ಮನೆಯ ಒಲೆ ಆರಿದ್ದನ್ನು ಬೆಟ್ಟದ ಮೇಲಿನ ಡೋರ್ಜೆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಡಿಸ್ ಅಬಾಬಾದಲ್ಲಿ ಮಗನ ಮದುವೆ ಎಂದು ಕರೆಯಲು ಬಂದವರಿಗೂ, "ನಾನು ಬಂದ್ರೆ ಒಲೆಗೆ ಸೌದೆ ನಿಮ್ಮಪ್ಪ ಹಾಕ್ತಾನಾ?" ಎಂದು ಕೇಳಿ ಕಳಿಸಿದವಳು ಅವಳು. ಸೊಸೆ ಹಿರುತ್‌ಗೆ ಆ ಮಾತು ಆಗ ಚುಚ್ಚಿತ್ತು. ಈಗ ಹಸುಗೂಸು ಕಟ್ಟಿಕೊಂಡು ಅತ್ತೆಯ ಹತ್ತಿರ ಬಾಣಂತನಕ್ಕೆ ಬಂದಮೇಲೆ ಹೊಗೆಯೇ ಚುಚ್ಚತೊಡಗಿತು.

ಬಿದಿರು ಸೀಳಿ ಹೆಣೆದ ಮನೆ ಅದು, ಬೋರಲು ಹಾಕಿದ ದೊಡ್ಡ ಬುಟ್ಟಿಯ ಹಾಗೆ. ಗೋಡೆ ಎಲ್ಲಿ ಮುಗಿದು ಸೂರು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ನಡುವಿನ ಒಲೆಯ ಹೊಗೆ ನೆತ್ತಿಯವರೆಗೆ ಏರಿ, ಅಲ್ಲೇ ಸುಳಿದಾಡಿ, ಹೆಣಿಗೆಯ ಸಂದುಗಳಲ್ಲಿ ಮೆಲ್ಲಗೆ ಹೊರಬೀಳುತ್ತಿತ್ತು. ಮಳೆಗಾಲದಲ್ಲಿ ಈ ಬೆಟ್ಟದ ಮಂಜು ಮನೆಯೊಳಗೇ ಬಂದು ಕೂರುತ್ತದೆ. ಹೊಗೆಯಿಲ್ಲದಿದ್ದರೆ ಸೂರು ಕೊಳೆತಂತೆಯೇ.

ಮಗು ಕೆಮ್ಮುತ್ತಿತ್ತು. ಹಿರುತ್ ಅದರ ಎದೆಗೆ ಕಿವಿಯಿಟ್ಟು ಕೇಳುವಳು, ಮತ್ತೆ ಕೇಳುವಳು.

"ಅತ್ತೆ, ಬೆಂಕಿ ಬೇಡ. ಕಾಲಿಗೆ ಬೀಳ್ತೀನಿ."

"ನಿನ್ನ ಗಂಡ ಇದೇ ಹೊಗೇಲಿ ಬೆಳೆದ. ಈಗ ನೋಡು, ಗೂಳಿ ಇದ್ದ ಹಾಗಿದಾನೆ."

"ಆ ಗೂಳಿ ಈಗಲೂ ಅಡಿಸ್‌ನಲ್ಲಿ ಮಗ್ಗದ ಮುಂದೆ ಕೂತು ಕೆಮ್ಮುತ್ತೆ, ಅತ್ತೆ!"

ಬಲೋಟೆ ನಕ್ಕುಬಿಟ್ಟಳು. ಆಮೇಲೆ ಮಗು ಕೆಮ್ಮಿ ಕೆಮ್ಮಿ ಕೆಂಪಾದದ್ದನ್ನು ಕಂಡು, ಎದ್ದು ಒಲೆಗೆ ನೀರು ಸುರಿದಳು.

ಅಡುಗೆ ಹೊರಗೆ ಬಾಗಿಲ ಮಾಡಿನ ಕೆಳಗೆ ಸಾಗಿತು. ಮಗುವಿನ ಕೆಮ್ಮು ಇಳಿಯಿತು. ಆದರೆ ಜೇನಿನ ಬಣ್ಣಕ್ಕೆ ತಿರುಗಿದ್ದ ಬಿದಿರು ಮಂಕಾಯಿತು, ಮೇಲಿನಿಂದ ಬಿಳಿ ಬೂಷ್ಟು ಇಳಿಯತೊಡಗಿತು. ಬಲೋಟೆ ಹತ್ತಿ ನೂಲುತ್ತ ಕತ್ತೆತ್ತಿ ಮೇಲೆಯೇ ನೋಡುವಳು. ಎಂದೂ ಹರಿಯದ ಅವಳ ನೂಲು ಪದೇ ಪದೇ ಹರಿಯಿತು.

"ಕತ್ತು ನೋವಾ, ಅತ್ತೆ?"

"ಇಲ್ಲ. ಗಂಟು ನೋಡ್ತಿದೀನಿ." ಬಲೋಟೆ ನೆತ್ತಿಯತ್ತ ಕೈ ತೋರಿಸಿದಳು. "ನಿನ್ನ ಮಾವ ಹಾಕಿದ್ದು. ಹೊಸದಾಗಿ ಮದುವೆಯಾಗಿತ್ತು, ಈ ಮನೆ ಕಟ್ತಿದ್ವಿ. ತುದೀಲಿ ಕೂತು, ನಾರು ಸಾಲಲಿಲ್ಲ ಅಂತ ಕೂಗಿದ. ನಾನು ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಿ ಎಸೆದೆ. ನಾನೇ ನೂತು, ಅವನೇ ನೇಯ್ದಿದ್ದು. ಅದರಲ್ಲೇ ಗಂಟು ಹಾಕಿದ. ಊರೆಲ್ಲ ನಕ್ಕಿತು."

ಆಮೇಲೆ ಊರಿನ ಗಂಡಸರ ಹಾಗೆ ಅವನೂ ಮಗ್ಗ ಹುಡುಕಿಕೊಂಡು ಅಡಿಸ್‌ಗೆ ಹೋದ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವಾಗಿನ ಮೆಸ್ಕೆಲ್ ಹಬ್ಬಕ್ಕೆ ಬರುವನು. ಒಂದು ಹಬ್ಬಕ್ಕೆ ಅವನು ಬರಲಿಲ್ಲ, ಸುದ್ದಿ ಬಂತು. ಮಣ್ಣೂ ಅಲ್ಲೇ ಆಗಿತ್ತು.

"ನೆಲದ ತೇವಕ್ಕೆ ಬುಡ ಕೊಳೆಯುತ್ತೆ," ಬಲೋಟೆ ಮುಂದುವರಿಸಿದಳು. "ಕೊಯ್ದು ಮನೇನ ಮತ್ತೆ ಕೂರಿಸ್ತೀವಿ. ಕೊಯ್ದ ಹಾಗೆಲ್ಲ ಮನೆ ಗಿಡ್ಡ ಆಗುತ್ತೆ, ಗಂಟು ಕೆಳಗೆ ಬರುತ್ತೆ. ಯಾವತ್ತಾದ್ರೂ ಕೈಗೆ ಸಿಗುತ್ತೆ ಅಂತ ಕಾಯ್ತಿದೀನಿ ಕಣೇ. ಬುಡ ಕೊಳೀಲಿ. ನೆತ್ತಿ ಕೊಳೀಬಾರದು."

ಹಿರುತ್ ಮೇಲೆ ನೋಡಿದಳು. ಬೂಷ್ಟು ಗಂಟಿನ ಪಕ್ಕದಲ್ಲೇ ಇತ್ತು. ಮಡಿಲಲ್ಲಿ ಮಗು ನೆಮ್ಮದಿಯಾಗಿ ಉಸಿರಾಡುತ್ತಿತ್ತು.

ಬೆಳಗಾಗುತ್ತಲೇ ಅವಳು ಪಕ್ಕದ ಮನೆಯ ಶಗಿರೆಯ ಅಂಗಳದಲ್ಲಿ ನಿಂತಿದ್ದಳು. ಹೊಸ ಮದುಮಕ್ಕಳಿಗೆಂದು ಕಟ್ಟಿದ್ದ ಪುಟ್ಟ ಮನೆಯೊಂದು ಅಲ್ಲಿ ಖಾಲಿಯಿತ್ತು.

"ಅಣ್ಣಾ, ಮಗು ಮಲಗಿಸೋಕೆ ಆ ಮನೆ ಕೊಡ್ತೀರಾ? ಆದ್ರೆ ಅತ್ತೆನ ಬಿಟ್ಟು ಒಬ್ಬಳೇ ಇಲ್ಲಿಗೆ ಬಂದಿರೋಕೆ ನಂಗೆ ಭಯ..."

"ನೀನ್ಯಾಕೆ ಬರ್ತೀಯಮ್ಮ? ಮನೇನೇ ಬರುತ್ತೆ!"

ಊರಿನ ಗಂಡಸರು ಒಳಹೊಕ್ಕು ಅಡ್ಡ ಬೊಂಬುಗಳಿಗೆ ಹೆಗಲು ಕೊಟ್ಟು ಮನೆಯನ್ನೇ ಎತ್ತಿದರು. ಹೊರಗಿನವರಿಗೆ ಕಂಡದ್ದು ಬರೀ ಕಾಲುಗಳು.

"ಬಲಕ್ಕೋ, ಬಲಕ್ಕೆ!" ಶಗಿರೆ ಕೂಗಿದ.

"ಒಳಗೆ ಕತ್ತಲು ಮಾರಾಯ, ಬಲ ಯಾವುದು?"

"ಉಣ್ಣೋ ಕೈ ಕಣೋ! ಅದನ್ನಂತೂ ನೀನು ಮರೆಯಲ್ಲ!"

ಬಲೋಟೆಯ ಅಂಗಳದಲ್ಲಿ ಮನೆ ಕುಳಿತಿತು. ಇನ್ನು ಇದರ ಸೂರೂ ಕೊಳೆತರೆ ಎಂದು ಹಿರುತ್‌ಗೆ ಹೊಸ ಚಿಂತೆ. ಮಗು ಹೊರಗೆ ಬಿಸಿಲಲ್ಲಿರುವಾಗ ಅಲ್ಲಿಗೂ ಒಂದಿಷ್ಟು ಹೊಗೆ ಹಾಕಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಶಗಿರೆಯ ಮನೆಯಿಂದ ಕೆಂಡ ತಂದು, ಅತ್ತೆಯ ಒಲೆಯಲ್ಲಿ ತಾನೇ ಇಟ್ಟಳು.

ಬಲೋಟೆ ಊದಿದಳು. ಹೊಗೆ ಹಳೆಯ ದಾರಿ ಹಿಡಿದು ಮೇಲೇರಿತು.

"ಅತ್ತೆ, ಹಬ್ಬ ಮುಗಿದಮೇಲೆ ಬುಡ ಕೊಯ್ಯಿಸೋಣವಾ?" ಬಾಗಿಲಾಚೆಯಿಂದಲೇ ಹಿರುತ್ ಕೇಳಿದಳು.

"ಅವಸರ ಏನಿದೆ? ಬದುಕಿದ್ದಾಗಲೂ ವರ್ಷಗಟ್ಟಲೆ ಕಾಯಿಸಿದೋನು. ನಿಧಾನಕ್ಕೇ ಇಳೀಲಿ."

ಹಾಗೆಂದಳು. ಆದರೆ ಕದಿರು ಕೆಳಗಿಟ್ಟಿದ್ದ ಅವಳ ಬಲಗೈ ಆಗಲೇ ಮೇಲೆದ್ದಿತ್ತು, ಹೊಗೆಯೊಳಗೆ, ಬೆರಳು ಬಿಡಿಸಿಕೊಂಡು.