ದೊಡ್ಡಣ್ಣನವರ ಬ್ರೇಕು
ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಿಂದ ಭಾನುವಾರ ಬೆಳಿಗ್ಗೆ ಪೆಟ್ರೋಲಿನ ವಾಸನೆ ಬಂದರೆ, ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದ ರೈಲ್ವೆಯ ದೊಡ್ಡಣ್ಣನವರು ತಮ್ಮ ಇಪ್ಪತ್ತು ವರ್ಷದ ಬೈಕನ್ನು ಬಿಚ್ಚಿ ಕೂತಿದ್ದಾರೆಂದೇ ಅರ್ಥ. ಮೆಕ್ಯಾನಿಕ್ಕುಗಳನ್ನು ಅವರು ನಂಬುವವರಲ್ಲ. ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಾವೇ ಚೈನು ಉಜ್ಜುತ್ತಾರೆ, ಸ್ಪಾರ್ಕ್ ಪ್ಲಗ್ಗನ್ನು ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡುತ್ತಾರೆ. ಎದುರು ಸಿಕ್ಕವರನ್ನೂ ಬಿಡುವುದಿಲ್ಲ: “ಉತ್ತರಾಯಣದ ಗಾಳಿಪಟದ ಹಬ್ಬ ಬಂತು, ಗಾಜಿನ ಪುಡಿ ಹಚ್ಚಿದ ದಾರ ಕತ್ತು ಕೊಯ್ಯುತ್ತೆ, ಹ್ಯಾಂಡಲ್ಲಿಗೆ ಅಡ್ಡ ತಂತಿ ಹಾಕಿಸ್ಕೊಳ್ರಿ!” ಆದರೆ ಒಂದು ವರ್ಷದಿಂದ ಅವರು ಮತ್ತೆ ಮತ್ತೆ ಬಿಚ್ಚಿ ನೋಡುವುದು ಮುಂದಿನ ಬ್ರೇಕನ್ನೇ. ಅದಕ್ಕೆ ಅವರೇ ಕೈಯಾರೆ ಹೊಸ ಬ್ರೇಕ್ ಶೂ ಹಾಕಿದ ಮರುದಿನವೇ ಮಗಳು ಚಿನ್ಮಯಿ ಅದೇ ಬೈಕಿನಿಂದ ಬಿದ್ದಳು. ಅವಳ ಎಡಗಾಲು ಈಗ ಮಡಚುವುದಿಲ್ಲ. ಕಟ್ಟಡ ಕಟ್ಟುವವರು ರಸ್ತೆಯಲ್ಲಿ ಸುರಿದ ಮರಳಿಗೆ ಚಕ್ರ ಜಾರಿದ್ದನ್ನು ಹಿಂದೆಯೇ ಬರುತ್ತಿದ್ದ ನಾನು ಕಣ್ಣಾರೆ ಕಂಡಿದ್ದೆ. ನಾನು ಹೇಳಿದರೂ, ಅವಳು ಹೇಳಿದರೂ ದೊಡ್ಡಣ್ಣನವರು ಒಪ್ಪಲಿಲ್ಲ; ತಪ್ಪು ತಾವು ಹಾಕಿದ ಬ್ರೇಕಿನದೇ ಎಂದು ಪಟ್ಟು ಹಿಡಿದರು. “ನಿಜ ಹೇಳಮ್ಮಾ, ಬ್ರೇಕ್ ಹಿಡೀತಾ?” ಎಂದು ವಾರವಾರವೂ ಕೇಳುತ್ತಿದ್ದರು. ಮೊನ್ನೆ ಭಾನುವಾರ ಊರುಗೋಲು ಹಿಡಿದು ಕೆಳಗಿಳಿದು ಬಂದ ಚಿನ್ಮಯಿ, ಅದೇ ಪ್ರಶ್ನೆ ಕೇಳಿ ಕೇಳಿ ರೋಸಿಹೋಗಿ, “ಇಲ್ಲಪ್ಪಾ, ಹಿಡೀಲಿಲ್ಲ. ಸಾಕಾ?” ಎಂದುಬಿಟ್ಟಳು. ದೊಡ್ಡಣ್ಣನವರು ಸ್ಪ್ಯಾನರ್ ಕೆಳಗಿಟ್ಟರು. “ನಂಗೊತ್ತಿತ್ತು ಕಣಮ್ಮಾ” ಎಂದು ಅವಳ ತಲೆ ಸವರಿ ಮನೆಯತ್ತ ಹೊರಟರು. ತಾನು ಆಡಿದ್ದು ಸುಳ್ಳೆಂದು ಕೂಗಲು ಅವಳು ಬಾಯಿ ತೆರೆದಳು, ನಾನೂ ತೆರೆದೆ. ಆದರೆ ವರ್ಷದಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲೇರುತ್ತಿದ್ದ ಅವರನ್ನು ಕಂಡು ಇಬ್ಬರೂ ಸುಮ್ಮನಾದೆವು.