ಸುಣ್ಣ ಹಿಡಿಯದ ಗೋಡೆ

ತುಡಿಯಲೂರಿನ ಮನೆಯ ಮೆಟ್ಟಿಲ ಗೋಡೆಗೆ ಹೊಸ ಬಣ್ಣ ಹಚ್ಚಬೇಕೆಂದು ಬೆಳಿಗ್ಗೆಯಿಂದ ಹಳೆಯ ಸುಣ್ಣ ಕೆರೆಯುತ್ತಿದ್ದೆ. ನೀರು ಚಿಮುಕಿಸಿದಾಗ ಎದ್ದ ವಾಸನೆ ನನ್ನನ್ನು ನಾನು ಬೆಳೆದ ಸೋಮನೂರಿನ ಮನೆಗೆ ಕರೆದೊಯ್ದಿತು.

ಅಲ್ಲಿ ಅಪ್ಪನ ತಾಯಿ, ನಮ್ಮಜ್ಜಿ, ದಿನವಿಡೀ ಮೆಟ್ಟಿಲ ಬುಡದಲ್ಲಿ ಗೋಡೆಗೆ ತಲೆಯೊರಗಿಸಿ ಕುಳಿತು ಅವ್ವನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು. ಅವಳ ತಲೆಯೆಣ್ಣೆ ಗೋಡೆಯಲ್ಲಿ ದುಂಡನೆಯ ಕಲೆಯಾಗಿತ್ತು.

ಅಜ್ಜಿ ತೀರಿಕೊಂಡು ವರ್ಷ ಕಳೆದ ಮೇಲೆ, ಪೊಂಗಲ್‌ಗೆ ಮುಂಚೆ, ಅವ್ವ ಸುಣ್ಣ ಬಳಿಯಲು ನಿಂತಳು. ಪ್ರತಿ ಸಲ ಒಣಗಿದಾಗಲೂ ಕಲೆ ಹಳದಿಯಾಗಿ ಮತ್ತೆ ಮೂಡುತ್ತಿತ್ತು. ಮೂರನೆಯ ಸಲವೂ ಮೂಡಿತು. ಮಗ್ಗದ ಶೆಡ್ಡಿನಿಂದ ಊಟಕ್ಕೆ ಬಂದ ಅಪ್ಪ, "ಬುಡು, ಒಂದು ಕ್ಯಾಲೆಂಡರ್ ನೇತಾಕಿದ್ರೆ ಕಾಣಲ್ಲ" ಎಂದ.

"ಇಷ್ಟು ವರ್ಷ ನಿಮ್ಮವ್ವ ಹೇಳಿದ್ದಕ್ಕೆಲ್ಲಾ ಸರಿ ಅಂದೆ. ಈಗ ಗೋಡೇನೂ ನನ್ನ ಮಾತು ಕೇಳಲ್ಲ" ಎನ್ನುತ್ತಾ ಅವ್ವ ಅಲ್ಲೇ ಕುಸಿದು ಕುಳಿತಳು. ಬ್ರಷ್ ಹಿಡಿದುಕೊಂಡೇ, ಕಲೆಯ ಪಕ್ಕದಲ್ಲಿ ಇನ್ನೂ ಹಸಿಯಿದ್ದ ಗೋಡೆಗೆ ಒರಗಿ ನಿದ್ದೆಹೋದಳು. ಎದ್ದಾಗ ಸುಣ್ಣ ಮೆತ್ತಿ ಅವಳ ಕೂದಲು ಒಂದು ಕಡೆ ಬೆಳ್ಳಗಾಗಿತ್ತು, ಥೇಟ್ ಅಜ್ಜಿಯ ಹಾಗೆ. ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕೈಯಿಂದ ಬ್ರಷ್ ತೆಗೆದುಕೊಂಡ. ಅಪ್ಪ ಮನೆಯ ಗೋಡೆಗೆ ಸುಣ್ಣ ಬಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನ್ನ ಭುಜ ನೋಯುತ್ತಿದೆ. ಇನ್ನೂ ಅರ್ಧ ಗೋಡೆ ಬಾಕಿಯಿದೆ. ಯಾರಾದರೂ ಅಪ್ಪನ ಹಾಗೆ ಬಂದು ಕೆಲಸಕ್ಕೆ ಕೈಚಾಚಿದರೆ, ಇವತ್ತು ಬೇಡವೆನ್ನುವುದಿಲ್ಲ.