ಗಾಡಿಯ ನೇಮ

ಗೆಳೆಯ ತನ್ನ ಸ್ಪೋರ್ಟ್ಸ್ ಕಾರಿನ ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದ: "ಪ್ರೀಮಿಯಂ ಪೆಟ್ರೋಲ್ ಬಿಟ್ಟು ಬ್ಯಾರೆ ಕುಡಸಬ್ಯಾಡ." ಆ ಕಾರಿನಲ್ಲಿ ನನ್ನ ಸೋದರತ್ತೆಯನ್ನು ಕಲಬುರಗಿಯಿಂದ ಕಮಲಾಪುರದ ನೆಂಟರ ಮನೆಗೆ ಕರೆದೊಯ್ದಿದ್ದೆ. ಅತ್ಯಾ ಮಹಾ ಮಡಿಯವಳು. ಹೊರಗಿನ ನೀರನ್ನೂ ಮುಟ್ಟುವುದಿಲ್ಲ.

ವಾಪಸ್ ಹೊರಟಾಗ ಪೆಟ್ರೋಲ್ ಮುಳ್ಳು ತಳಕ್ಕೆ ಬಂದಿತ್ತು. ಅಲ್ಲಿಯ ಬಂಕಿನಲ್ಲಿ ಪ್ರೀಮಿಯಂ ಇರಲಿಲ್ಲ.

"ಸಾದಾ ಹಾಕಸ್ರಿ ಸರ್, ನಿಧಾನ ಹೋದ್ರ ಏನೂ ಆಗಲ್ಲ," ಎಂದ ಪೈಪು ಹಿಡಿದಿದ್ದವನು. ನಾನು ಹೂಂ ಅನ್ನುವಷ್ಟರಲ್ಲಿ ಅತ್ಯಾ ಕಿಟಕಿಯಿಂದ ಕೈ ಹೊರಗೆ ಚಾಚಿದಳು.

"ಏ ತಮ್ಮಾ, ತಡಿ! ಕಂಡದ್ದೆಲ್ಲಾ ಕುಡಿಯೋ ಗಾಡಿ ಅಲ್ಲ ಇದು. ಅದರ ನೇಮ ಯಾಕ ಕೆಡಸ್ತೀ?"

ಪಾಪ, ಅವನು ಪೈಪು ಹಿಂದಕ್ಕೆಳೆದು ಕೈಮುಗಿದ.

ಇದ್ದ ಪೆಟ್ರೋಲಿನಲ್ಲೇ ಊರು ಮುಟ್ಟಲು ಏಸಿ ಬಂದ್ ಮಾಡಿ, ಎತ್ತಿನ ಬಂಡಿಯ ಹಾಗೆ ನಡೆಸಿದೆ. ಕೆಂಪು ಬಾಳೆಗೊನೆ ತುಂಬಿದ ಟಂಟಂ ಆಟೋ ಒಂದು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಅರ್ಧ ದಾರಿಯಲ್ಲಿ ಚಹಾದಂಗಡಿ ಕಂಡದ್ದೇ ತಡ, "ನಿಲ್ಲಸೋ, ಬಿಸಿಲಿಗೆ ತಲಿ ತಿರಗ್ಲಿಕತ್ತದ. ಒಂದು ಚಾ ಹೇಳು," ಅಂದಳು ಅತ್ಯಾ.

"ಮತ್ತ ನಿನ್ನ ಮಡಿ?"

"ಪ್ರಯಾಣದಾಗ ದೋಷ ಇಲ್ಲ."

"ಹಂಗಾದ್ರ ಗಾಡಿಗೆ?"

ಅತ್ಯಾ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಊದುತ್ತ ಹೇಳಿದಳು: "ನಾ ಯಾವಾಗರೆ ಒಮ್ಮೆ ಹೊರಗ ಬರ್ತೀನಿ. ಅದು ಹುಟ್ಟಿದ್ದೇ ಪ್ರಯಾಣಕ್ಕ. ಅದಕ್ಕೂ ರಿಯಾಯತಿ ಕೊಟ್ರ ನೇಮ ಅನ್ನೋದು ಎಲ್ಲಿ ಉಳೀತದೋ?"

ಗಾಡಿಯ ಪಾರಣೆ ಆಗಿದ್ದು ಕಲಬುರಗಿಯ ಜಗತ್ ಸರ್ಕಲ್ಲಿನ ಪ್ರೀಮಿಯಂ ಬಂಕು ಮುಟ್ಟಿದ ಮೇಲೆಯೇ.